ದೊಡ್ಡ ಕಂಪನಿಗಳ ನೇಮಕಾತಿ: ಪಶ್ಚಿಮ ಬೆಂಗಳೂರಿನ ನೋಟ

ಸಂಸ್ಥೆಯೊಂದು ತನಗೆ ಬೇಕಾದ ಕೆಲಸಗಾರರನ್ನು ಹುಡುಕಿ, ಪರೀಕ್ಷಿಸಿ, ಆಯ್ದು, ಸೇರಿಸಿಕೊಳ್ಳುವ ಇಡೀ ಕ್ರಮಕ್ಕೆ ನೇಮಕಾತಿ ಎನ್ನುತ್ತಾರೆ. ಸಣ್ಣ ಅಂಗಡಿಯ ಮಾಲೀಕ ಇದನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾನೆ. ಸಾವಿರಾರು ಜನ ದುಡಿಯುವ ಕಂಪನಿಯಲ್ಲಿ ಅದಕ್ಕೆಂದೇ ಒಂದು ವಿಭಾಗವಿರುತ್ತದೆ, ವರ್ಷವಿಡೀ ಕೆಲಸ ನಡೆಯುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಸೇರಿದ ಪಶ್ಚಿಮ ಬೆಂಗಳೂರು ಈ ವಿಷಯವನ್ನು ಅರಿಯಲು ಒಳ್ಳೆಯ ಜಾಗ. ಹಳೆಯ ಕೈಗಾರಿಕಾ ಎಸ್ಟೇಟು, ಎಂಜಿನಿಯರಿಂಗ್ ಕಾಲೇಜುಗಳ ಸಾಲು, ಟೆಕ್ ಪಾರ್ಕು, ಗಾರ್ಮೆಂಟ್ ಕಾರ್ಖಾನೆ, ಸರ್ಕಾರಿ ಪರೀಕ್ಷೆಗಳ ಕೋಚಿಂಗ್ ಕೇಂದ್ರ ಎಲ್ಲವೂ ಇಲ್ಲಿ ಒಂದು ಬಸ್ ಪ್ರಯಾಣದೊಳಗೆ ಸಿಗುತ್ತವೆ. ಒಂದೊಂದಕ್ಕೂ ಜನರನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲು ಬೇರೆ. ಕಂಪನಿ ಯಾವ ಬಾಗಿಲಲ್ಲಿ ನಿಂತು ಹುಡುಕುತ್ತದೆ ಎನ್ನುವುದೇ, ಕೊನೆಗೆ ಯಾರಿಗೆ ಕೆಲಸ ಸಿಗುತ್ತದೆ ಎನ್ನುವುದನ್ನು ಬಹುಪಾಲು ತೀರ್ಮಾನಿಸುತ್ತದೆ.

ಕಾರ್ಖಾನೆಗಳ ಕಾಲ

ಬೆಂಗಳೂರಿನಲ್ಲಿ ದೊಡ್ಡ ಪ್ರಮಾಣದ ನೇಮಕಾತಿ ಬೇರೂರಿದ್ದು ಕಾರ್ಖಾನೆಗಳಿಂದ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. ಖಾಸಗಿ ವಲಯದಲ್ಲಿ 1946ರಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಮಲ್ಲೇಶ್ವರ ಮತ್ತು ರಾಜಾಜಿನಗರದ ಗಡಿಯಲ್ಲಿ ಕಾರ್ಖಾನೆ ನಡೆಸಿತು. ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತ ರಾಜಾಜಿನಗರವೇ 1949ರಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಂಡದ್ದು. ಕೆಲಸಗಾರರು ಕಾರ್ಖಾನೆಯ ಸಮೀಪದಲ್ಲೇ ವಾಸವಾಗಿರಬೇಕು ಎಂಬುದು ಆ ಯೋಜನೆಯ ಹಿಂದಿದ್ದ ಆಲೋಚನೆ.

ಆಗ ಈ ಕಾರ್ಖಾನೆಗಳಿಗೆ ಬೇಕಾದ ಕೌಶಲ ಸಂತೆಯಲ್ಲಿ ಸಿದ್ಧವಾಗಿ ಸಿಗುತ್ತಿರಲಿಲ್ಲ. ಫಿಟ್ಟರ್, ಟರ್ನರ್, ಟೂಲ್ ಮೇಕರ್‌ಗಳನ್ನು ಕಂಪನಿಗಳೇ ತಯಾರು ಮಾಡಿಕೊಳ್ಳಬೇಕಿತ್ತು. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ 1943ರಲ್ಲಿ ಹುಟ್ಟಿತು. ಎಚ್‌ಎಂಟಿ, ಮೈಕೊ ಮುಂತಾದವು ತಮ್ಮದೇ ತರಬೇತಿ ಶಾಲೆಗಳನ್ನು ಕಟ್ಟಿದವು. ಹತ್ತನೇ ತರಗತಿ ಅಥವಾ ಕೈಗಾರಿಕಾ ತರಬೇತಿ ಸಂಸ್ಥೆಯ ಕೋರ್ಸ್ ಮುಗಿಸಿದ ಹುಡುಗನನ್ನು ಅಪ್ರೆಂಟಿಸ್ ಆಗಿ ತೆಗೆದುಕೊಂಡು, ಒಂದೆರಡು ವರ್ಷ ಯಂತ್ರದ ಮುಂದೆ ನಿಲ್ಲಿಸಿ, ಕೈ ಪಳಗಿದ ಮೇಲೆ ಕಾಯಂ ಮಾಡುವುದು ವಾಡಿಕೆ. ಹಾಗೆ ಸೇರಿದವರು ಅಲ್ಲೇ ನಿವೃತ್ತರಾಗುತ್ತಿದ್ದರು. ರಾಜರಾಜೇಶ್ವರಿ ನಗರದ ಬೆಮೆಲ್ ಲೇಔಟ್‌ನಂಥ ಹೆಸರುಗಳು ಆ ಕಾಲದ ನೇಮಕಾತಿ ನಗರದ ನಕಾಶೆಯ ಮೇಲೆ ಬಿಟ್ಟ ಗುರುತು: ಒಂದು ಕಂಪನಿಗೆ ಸೇರಿದವನಿಗೆ ಸಂಬಳದ ಜೊತೆ ಸೈಟು, ಸಹಕಾರ ಸಂಘ, ಕ್ಯಾಂಟೀನು, ಕನ್ನಡ ಸಂಘ ಎಲ್ಲವೂ ದಕ್ಕುತ್ತಿದ್ದವು.

ಆಗ ಖಾಲಿ ಹುದ್ದೆಯ ಸುದ್ದಿ ತಲುಪಲು ಮುಖ್ಯವಾಗಿ ಮೂರು ದಾರಿಗಳಿದ್ದವು. ಮೊದಲನೆಯದು ಪತ್ರಿಕೆಯ ಜಾಹೀರಾತು, ಎರಡನೆಯದು ಒಳಗಿರುವ ಬಂಧುವಿನ ಮಾತು, ಮೂರನೆಯದು ಉದ್ಯೋಗ ವಿನಿಮಯ ಕೇಂದ್ರ. 1959ರ ಉದ್ಯೋಗ ವಿನಿಮಯ ಕೇಂದ್ರಗಳ ಕಾಯ್ದೆಯ ಪ್ರಕಾರ 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯೂ ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಬೇಕಿತ್ತು. ಆದರೆ ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟು ಕಾಯ್ದೆಯಲ್ಲಿರಲಿಲ್ಲ. ಹೀಗಾಗಿ ಖಾಸಗಿ ಕಂಪನಿಗಳ ಮಟ್ಟಿಗೆ ಅದು ಕಾಗದದ ಕೆಲಸವಾಗಿ ಉಳಿಯಿತು. ಸರ್ಕಾರಿ ಹುದ್ದೆಗಳ ವಿಷಯದಲ್ಲಿ ಮಾತ್ರ ಅದಕ್ಕೆ ಬಲವಿತ್ತು. ಕೇಂದ್ರ ಕಳಿಸಿದ ಹೆಸರುಗಳಷ್ಟೇ ಸಾಲದು, ಪತ್ರಿಕೆಯಲ್ಲೂ ಪ್ರಕಟಣೆ ಕೊಟ್ಟು ಎಲ್ಲರಿಗೂ ಅವಕಾಶ ಕೊಡಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿಯೂ ಏಕಸ್ವಾಮ್ಯ ಮುರಿಯಿತು.

ಕಿರ್ಲೋಸ್ಕರ್ ಕಾರ್ಖಾನೆ ಇದ್ದ ನೆಲದಲ್ಲಿ ಇಂದು ಬ್ರಿಗೇಡ್ ಗೇಟ್‌ವೇ, ವರ್ಲ್ಡ್ ಟ್ರೇಡ್ ಸೆಂಟರ್, ಒರಾಯನ್ ಮಾಲ್ ನಿಂತಿವೆ. ಮೋಟಾರ್ ತಯಾರಾಗುತ್ತಿದ್ದ ಜಾಗದ ಗೋಪುರದಲ್ಲಿ ಅಮೆಜಾನ್ ವರ್ಷಗಟ್ಟಲೆ ಕಚೇರಿ ನಡೆಸಿತು. ನೆಲ ಒಂದೇ ಆದರೂ ಅಲ್ಲಿಗೆ ಜನ ಬಂದು ಸೇರುವ ದಾರಿ ಪೂರ್ತಿ ಬದಲಾಯಿತು.

ಕ್ಯಾಂಪಸ್ ನೇಮಕಾತಿ

ಮೈಸೂರು ರಸ್ತೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜು 1963ರಲ್ಲಿ, ಮಲ್ಲತ್ತಹಳ್ಳಿಯಲ್ಲಿರುವ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ 1980ರಲ್ಲಿ ಆರಂಭವಾದವು. ಆಮೇಲೆ ಕೆಂಗೇರಿಯ ಎಸ್‌ಜೆಬಿ, ಅದರ ಆಸುಪಾಸಿನ ಜೆಎಸ್‌ಎಸ್, ಕುಂಬಳಗೋಡಿನ ಡಾನ್ ಬಾಸ್ಕೊ, ರಾಜರಾಜೇಶ್ವರಿ ಹೀಗೆ ಕಾಲೇಜುಗಳು ಹೆದ್ದಾರಿಯುದ್ದಕ್ಕೂ ಬೆಳೆದವು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಎಂಜಿನಿಯರಿಂಗ್ ಪಠ್ಯ ಒಂದೇ ಅಚ್ಚಿಗೆ ಬಂತು. ನೂರಾರು ಕಾಲೇಜುಗಳ ವಿದ್ಯಾರ್ಥಿಗಳನ್ನು ಒಂದೇ ಅಳತೆಗೋಲಿನಿಂದ ಅಳೆಯುವುದು ಕಂಪನಿಗಳಿಗೆ ಸುಲಭವಾಯಿತು.

ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗ ಮತ್ತು ಕಂಪನಿಯ ಎಚ್‌ಆರ್ ನಡುವೆ ದಿನಾಂಕ ಗೊತ್ತಾಗುವುದರಿಂದ ಕೆಲಸ ಶುರು. ಏಳನೇ ಸೆಮಿಸ್ಟರ್ ಹೊತ್ತಿಗೆ, ಕೆಲವು ಕಡೆ ಅದಕ್ಕೂ ಮೊದಲೇ, ಹೆಚ್ಚು ಸಂಬಳ ಕೊಡುವ ಕಂಪನಿಗಳು ಬರುತ್ತವೆ. ಅವು ಮೊದಲ ದಿನಗಳಿಗಾಗಿ ಪೈಪೋಟಿ ನಡೆಸುತ್ತವೆ, ಏಕೆಂದರೆ ಒಂದು ಆಫರ್ ಸಿಕ್ಕ ವಿದ್ಯಾರ್ಥಿ ಮುಂದಿನ ಸಾಲಿನಲ್ಲಿ ಕೂರುವಂತಿಲ್ಲ ಎಂಬ ನಿಯಮ ಬಹಳ ಕಾಲೇಜುಗಳಲ್ಲಿದೆ. ಬೇಸಿಗೆ ಇಂಟರ್ನ್‌ಶಿಪ್‌ಗೆ ಹೋಗಿ ಅಲ್ಲೇ ಕೆಲಸ ಗಿಟ್ಟಿಸಿಕೊಂಡವರು ಇನ್ನೂ ಮುಂದೆ. ಐಟಿ ಸೇವಾ ಕಂಪನಿಗಳು ಒಮ್ಮೆಗೇ ನೂರಾರು ಮಂದಿಯನ್ನು ಆರಿಸುತ್ತವೆ. ಅವುಗಳ ಮೊದಲ ಸೋಸುವಿಕೆ ಅಂಕಗಳಲ್ಲೇ ನಡೆಯುತ್ತದೆ: ಎಸ್‌ಎಸ್‌ಎಲ್‌ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ 60, ಬಾಕಿ ಉಳಿದ ವಿಷಯ ಒಂದೂ ಇರಬಾರದು. ಹದಿನೈದನೇ ವಯಸ್ಸಿನಲ್ಲಿ ಹಳ್ಳಿಯ ಶಾಲೆಯಲ್ಲಿ ಪಡೆದ ಅಂಕ ಇಪ್ಪತ್ತೆರಡನೇ ವಯಸ್ಸಿನಲ್ಲಿ ಬಾಗಿಲು ಮುಚ್ಚುವುದಕ್ಕೆ ಯಾವ ನ್ಯಾಯವೂ ಇಲ್ಲ. ಅರ್ಜಿಗಳ ರಾಶಿಯನ್ನು ಬೇಗ ಇಳಿಸಲು ಅದು ಅನುಕೂಲ ಎನ್ನುವುದಷ್ಟೇ ಅದರ ಸಮರ್ಥನೆ.

ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲೂ ಇದೇ ಪದ್ಧತಿಯ ಇನ್ನೊಂದು ರೂಪವಿದೆ. ದೇಶದ ದೊಡ್ಡ ಕಾನೂನು ಸಂಸ್ಥೆಗಳು ಅಲ್ಲಿಗೆ ಬಂದು, ಪದವಿ ಮುಗಿಯುವ ಎಷ್ಟೋ ತಿಂಗಳ ಮೊದಲೇ ವಿದ್ಯಾರ್ಥಿಗಳನ್ನು ಕಾಯ್ದಿರಿಸಿಕೊಳ್ಳುತ್ತವೆ.

ಕಾಲೇಜಿಗೆ ಕಂಪನಿಯೇ ಬರುವ ಕ್ರಮದಲ್ಲಿ ದೂರದ ಊರಿನ ಕಾಲೇಜಿನವರು ಹೊರಗುಳಿದರು. ಆ ಕೊರತೆಗೆ ಮೊದಲ ಉತ್ತರ ಹಲವು ಕಾಲೇಜುಗಳವರನ್ನು ಒಂದೆಡೆ ಸೇರಿಸುವ ಪೂಲ್ ಕ್ಯಾಂಪಸ್. ಎರಡನೆಯದು ಟಿಸಿಎಸ್ 2018ರಲ್ಲಿ ತಂದ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಂಥದ್ದು. ಯಾವ ಕಾಲೇಜಿನವರೇ ಆಗಲಿ ಆನ್‌ಲೈನ್‌ನಲ್ಲಿ ಬರೆದು ಮುಂದಿನ ಹಂತಕ್ಕೆ ಹೋಗಬಹುದು. ಬೀದರ್‌ನ ಹುಡುಗಿಗೂ ಬೆಂಗಳೂರಿನ ಹುಡುಗನಿಗೂ ಒಂದೇ ಪ್ರಶ್ನೆಪತ್ರಿಕೆ ಸಿಗುವುದು ದೊಡ್ಡ ಬದಲಾವಣೆಯೇ. ವಿಪ್ರೊ 1990ರ ದಶಕದಿಂದ ನಡೆಸಿಕೊಂಡು ಬಂದ ದಾರಿ ಇನ್ನೊಂದು. ಬಿಎಸ್‌ಸಿ, ಬಿಸಿಎ ಓದಿದವರನ್ನು ಕೆಲಸಕ್ಕೆ ತೆಗೆದುಕೊಂಡು, ದುಡಿಯುತ್ತಲೇ ಸ್ನಾತಕೋತ್ತರ ಪದವಿ ಪಡೆಯಲು ಅದು ಹಣ ಕೊಡುತ್ತದೆ. ಎಂಜಿನಿಯರಿಂಗ್ ಶುಲ್ಕ ಕಟ್ಟಲಾಗದ ಎಷ್ಟೋ ಮನೆಗಳಿಗೆ ಇದು ಕೈಗೆಟುಕುವ ದಾರಿಯಾಗಿದೆ.

ಆಫರ್ ಲೆಟರ್ ಕೈಗೆ ಬಂದರೆ ಕೆಲಸ ಸಿಕ್ಕಿತೆಂದು ಅರ್ಥವಲ್ಲ. 2022ರ ತಂಡದ ಅನೇಕ ಐಟಿ ಅಭ್ಯರ್ಥಿಗಳು ಸೇರುವ ದಿನಾಂಕಕ್ಕಾಗಿ ಒಂದು ವರ್ಷಕ್ಕೂ ಮೀರಿ ಕಾದರು. ಸೇರಿದ ಮೇಲೂ ತರಬೇತಿಯ ಪರೀಕ್ಷೆಗಳಿರುತ್ತವೆ. 2025ರ ಫೆಬ್ರವರಿಯಲ್ಲಿ ಇನ್ಫೊಸಿಸ್ ತನ್ನ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ತರಬೇತಿ ನೌಕರರನ್ನು ಕಳಿಸಿತು. ಮೂರು ಅವಕಾಶ ಕೊಟ್ಟರೂ ಅವರು ಆಂತರಿಕ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ ಎಂಬುದು ಕಂಪನಿಯ ವಿವರಣೆ. ಐಟಿ ಸೇವಾ ವಲಯದ ಹೊಸಬರ ವಾರ್ಷಿಕ ಸಂಬಳವಂತೂ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ 3.5 ಲಕ್ಷ ರೂಪಾಯಿಯ ಆಸುಪಾಸಿನಲ್ಲೇ ಇದೆ. ಪದವೀಧರರು ಲಕ್ಷಗಟ್ಟಲೆ ಸಿಗುವಾಗ ಆರಂಭದ ಸಂಬಳ ಏರಿಸುವ ಒತ್ತಡ ಕಂಪನಿಯ ಮೇಲೆ ಬೀಳುವುದಿಲ್ಲ.

ಪರೀಕ್ಷೆ ಮತ್ತು ಸಂದರ್ಶನ

ಸಾಮಾನ್ಯ ಕ್ರಮ ಹೀಗಿರುತ್ತದೆ: ಮೊದಲು ಕ್ಯಾಮೆರಾ ಕಾವಲಿನಲ್ಲಿ ಬರೆಯುವ ಆನ್‌ಲೈನ್ ಪರೀಕ್ಷೆ, ಆಮೇಲೆ ಒಂದೋ ಎರಡೋ ತಾಂತ್ರಿಕ ಸಂದರ್ಶನ, ಕೊನೆಗೆ ಎಚ್‌ಆರ್ ಮಾತುಕತೆ. ಪರೀಕ್ಷೆಯಲ್ಲಿ ಲೆಕ್ಕ, ತರ್ಕ, ಇಂಗ್ಲಿಷ್, ಪ್ರೋಗ್ರಾಮಿಂಗ್ ಇರುತ್ತವೆ. ಪ್ರೋಗ್ರಾಮಿಂಗ್ ಪರೀಕ್ಷೆ ನಡೆಸುವ ಹ್ಯಾಕರ್‌ಅರ್ತ್‌ನಂಥ ಕಂಪನಿಗಳು ಬೆಂಗಳೂರಿನಲ್ಲೇ ಬೆಳೆದವು.

ಮನುಷ್ಯನನ್ನು ಆರಿಸುವ ವಿಧಾನಗಳಲ್ಲಿ ಯಾವುದು ನಿಜವಾಗಿ ಫಲ ಕೊಡುತ್ತದೆ ಎಂಬ ಬಗ್ಗೆ ನೂರು ವರ್ಷಗಳ ಸಂಶೋಧನೆ ಇದೆ. ಅಮೆರಿಕದ ಸೇನೆ ಮೊದಲ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಜನರಿಗೆ ಬುದ್ಧಿಪರೀಕ್ಷೆ ಕೊಟ್ಟದ್ದು ಇದರ ಆರಂಭಗಳಲ್ಲೊಂದು. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಎಂಬ ಮನಶ್ಶಾಸ್ತ್ರಜ್ಞರು 85 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮಾದರಿ ಕೆಲಸ ಮಾಡಿಸಿ ನೋಡುವುದು, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಮಾನದಂಡದಲ್ಲಿ ಅಂಕ ಹಾಕುವ ಸಂದರ್ಶನ, ಸಾಮಾನ್ಯ ಬುದ್ಧಿಪರೀಕ್ಷೆ ಇವು ಮೇಲಿನ ಸಾಲಿನಲ್ಲಿದ್ದವು. ಮನಸ್ಸಿಗೆ ಬಂದಂತೆ ಹರಟುವ ಸಂದರ್ಶನ ಅವುಗಳಿಗಿಂತ ಕೆಳಗಿತ್ತು. ಆದರೂ ‘ನಿಮ್ಮ ಬಗ್ಗೆ ಹೇಳಿ’ ಎಂದು ಶುರುವಾಗುವ ಹರಟೆಯಲ್ಲೇ ಇಂದಿಗೂ ಬಹಳಷ್ಟು ಜನರ ಭವಿಷ್ಯ ನಿರ್ಧಾರವಾಗುತ್ತದೆ.

ಇಂಥ ಮಾತುಕತೆಯಲ್ಲಿ ಕೆಲಸದ ಅರಿವಿಗಿಂತ ನಿರರ್ಗಳ ಇಂಗ್ಲಿಷ್ ಮುಂದೆ ನಿಲ್ಲುತ್ತದೆ. ವಿಜಯನಗರ, ರಾಜಾಜಿನಗರದ ಮುಖ್ಯ ರಸ್ತೆಗಳಲ್ಲಿ ಸ್ಪೋಕನ್ ಇಂಗ್ಲಿಷ್ ತರಗತಿಗಳ ಫಲಕಗಳು ತೂಗುವುದಕ್ಕೆ ಕಾರಣ ಇದೇ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದ ಕ್ಯಾರಲ್ ಉಪಾಧ್ಯ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅರ್ಹತೆಯನ್ನೇ ನೋಡುತ್ತೇವೆ ಎನ್ನುವ ಐಟಿ ಉದ್ಯಮದಲ್ಲಿ ನಗರದ, ಮಧ್ಯಮ ವರ್ಗದ, ಮೇಲ್ಜಾತಿಯ ಕುಟುಂಬಗಳವರೇ ಹೆಚ್ಚಾಗಿರುವುದನ್ನು ಗುರುತಿಸಿತು. ಅದೇ ವರ್ಷ ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ ಅವರು ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಲ್ಲಿ ಕಳಿಸಿ ಮಾಡಿದ ಪ್ರಯೋಗ ಪ್ರಕಟವಾಯಿತು. ಸವರ್ಣ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿನ ಅರ್ಜಿಗೆ ಸುಮಾರು ಮೂರನೇ ಒಂದರಷ್ಟು ಇತ್ತು. ಈ ಪ್ರಯೋಗ ನಡೆದದ್ದು ಖಾಸಗಿ ಕಂಪನಿಗಳ ಪತ್ರಿಕಾ ಜಾಹೀರಾತುಗಳ ಮೇಲೆ.

ಯಂತ್ರಕ್ಕೆ ಒಪ್ಪಿಸಿದರೆ ಪಕ್ಷಪಾತ ತಪ್ಪುತ್ತದೆ ಎಂಬ ನಂಬಿಕೆಯೂ ಪರೀಕ್ಷೆಗೊಳಗಾಗಿದೆ. ಅಮೆಜಾನ್ ರೆಸ್ಯೂಮೆಗಳಿಗೆ ಅಂಕ ಕೊಡುವ ತಂತ್ರಾಂಶವೊಂದನ್ನು ಬೆಳೆಸಿ, ಅದು ಹೆಂಗಸರ ಅರ್ಜಿಗಳನ್ನು ಕೆಳಗಿಳಿಸುತ್ತಿದೆ ಎಂದು ಕಂಡುಬಂದ ಮೇಲೆ ಕೈಬಿಟ್ಟಿತು. ಈ ಸಂಗತಿ 2018ರಲ್ಲಿ ಹೊರಬಂತು. ಹಿಂದಿನ ವರ್ಷಗಳಲ್ಲಿ ಬಂದಿದ್ದ, ಹೆಚ್ಚಿನವು ಗಂಡಸರದೇ ಆದ ರೆಸ್ಯೂಮೆಗಳಿಂದ ಯಂತ್ರ ಪಾಠ ಕಲಿತಿತ್ತು.

ಪರಿಚಯದ ದಾರಿ

ಅನುಭವಿಗಳ ನೇಮಕಾತಿಯಲ್ಲಿ ರೆಫರಲ್‌ಗೆ ದೊಡ್ಡ ಸ್ಥಾನವಿದೆ. ಒಳಗಿರುವ ನೌಕರ ತನಗೆ ಗೊತ್ತಿರುವವರ ರೆಸ್ಯೂಮೆ ಕೊಟ್ಟು, ಆ ವ್ಯಕ್ತಿ ಸೇರಿ ಕೆಲವು ತಿಂಗಳು ಉಳಿದರೆ ಬಹುಮಾನದ ಹಣ ಪಡೆಯುತ್ತಾನೆ. ಹಳೆಯ ಕಾಲದ ವಶೀಲಿಗೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ರೆಫರಲ್ ಸಂದರ್ಶನದ ಮುಂದೆ ಕೂರಿಸುತ್ತದೆ, ಅದನ್ನು ದಾಟಿಸುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1970ರ ದಶಕದಲ್ಲಿ ಪ್ರಕಟಿಸಿದ, ಮ್ಯಾಸಚೂಸೆಟ್ಸ್‌ನ ನ್ಯೂಟನ್ ಪಟ್ಟಣದ ಅಧ್ಯಯನದಲ್ಲಿ, ತಾಂತ್ರಿಕ ಮತ್ತು ಆಡಳಿತ ಹುದ್ದೆಗಳಲ್ಲಿದ್ದವರಲ್ಲಿ ಶೇ 56ರಷ್ಟು ಜನ ಪರಿಚಯದವರ ಮೂಲಕವೇ ಕೆಲಸ ಕಂಡುಕೊಂಡಿದ್ದರು. ಅದಕ್ಕಿಂತ ಮುಖ್ಯವಾಗಿ, ಆಪ್ತರಿಗಿಂತ ಅಪರೂಪಕ್ಕೆ ಭೇಟಿಯಾಗುವವರಿಂದಲೇ ಹೆಚ್ಚು ಸುದ್ದಿ ಸಿಕ್ಕಿತ್ತು. ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದವರಿಗೆ ಇಲ್ಲದಿರುವುದು ಇಂಥ ದೂರದ ಪರಿಚಯಗಳೇ. ನಮ್ಮಂಥವರೇ ನಮಗೆ ಪರಿಚಯವಿರುವುದರಿಂದ, ರೆಫರಲ್ ಮೇಲೆ ಹೆಚ್ಚು ಭಾರ ಹಾಕಿದ ಕಂಪನಿಯೊಳಗೆ ಕ್ರಮೇಣ ಒಂದೇ ಬಗೆಯ ಜನ ತುಂಬಿಕೊಳ್ಳುತ್ತಾರೆ.

ಪರಿಚಯವಿಲ್ಲದವರಿಗೆ ಉಳಿದದ್ದು 1997ರಲ್ಲಿ ಹುಟ್ಟಿದ ನೌಕರಿ ಡಾಟ್ ಕಾಮ್, 2003ರ ಲಿಂಕ್ಡ್‌ಇನ್ ಮುಂತಾದ ತಾಣಗಳು ಮತ್ತು ಕನ್ಸಲ್ಟೆನ್ಸಿಗಳು. ಅಲ್ಲಿ ಎಚ್‌ಆರ್‌ನವರು ಪದಗಳನ್ನು ಹಾಕಿ ಹುಡುಕುತ್ತಾರೆ, ರೆಸ್ಯೂಮೆಯಲ್ಲಿ ಆ ಪದಗಳಿಲ್ಲದವರು ಕಣ್ಣಿಗೆ ಬೀಳುವುದಿಲ್ಲ. ಆಯ್ಕೆಯಾದ ಅನುಭವಿಯ ಪೂರ್ವಾಪರ ತಪಾಸಣೆಯೂ ಬಿಗಿಯಾಗಿದೆ. 2014ರಲ್ಲಿ ಭವಿಷ್ಯನಿಧಿಗೆ ಯುಎಎನ್ ಸಂಖ್ಯೆ ಬಂದ ಮೇಲೆ ಯಾರು ಯಾವ ತಿಂಗಳು ಎಲ್ಲಿದ್ದರು ಎನ್ನುವುದು ದಾಖಲೆಯಲ್ಲಿ ಕಾಣುತ್ತದೆ. ಸುಳ್ಳು ಅನುಭವ ಪತ್ರ ಕೊಟ್ಟವರು ಇಲ್ಲೇ ಸಿಕ್ಕಿಬೀಳುತ್ತಾರೆ. ಬಿಟ್ಟುಹೋಗುವವರನ್ನು ತಡೆಯಲು 90 ದಿನಗಳ ನೋಟಿಸ್ ಅವಧಿ, ರಿಲೀವಿಂಗ್ ಲೆಟರ್, ಬಾಂಡ್ ಇವೆ. ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತು ಸಿಂಧು ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಗೇಟಿನ ಮುಂದಿನ ನೇಮಕಾತಿ

ಮೈಸೂರು ರಸ್ತೆ, ಪೀಣ್ಯ, ಸುಂಕದಕಟ್ಟೆ ಕಡೆಯ ಗಾರ್ಮೆಂಟ್ ಕಾರ್ಖಾನೆಗಳ ಗೇಟಿನಲ್ಲಿ ಟೈಲರ್, ಹೆಲ್ಪರ್, ಚೆಕಿಂಗ್ ಕೆಲಸಕ್ಕೆ ಜನ ಬೇಕೆಂಬ ಬೋರ್ಡು ತೂಗುತ್ತದೆ. ಬೆಳಿಗ್ಗೆ ಬಂದವಳನ್ನು ಮೆಷಿನ್ ಮುಂದೆ ಕೂರಿಸಿ ಒಂದು ಪೀಸ್ ಹೊಲಿಸಿ ನೋಡುತ್ತಾರೆ. ಕೈ ಓಡಿದರೆ ಅಂದೇ ಸೇರಬಹುದು. ಸಂಶೋಧಕರು ಮೇಲಿನ ಸ್ಥಾನ ಕೊಟ್ಟ ಮಾದರಿ ಕೆಲಸದ ಪರೀಕ್ಷೆ ಇದೇ. ದೊಡ್ಡ ಕಚೇರಿಗಳು ಮರೆತ ಕ್ರಮ ಇಲ್ಲಿ ದಿನವೂ ನಡೆಯುತ್ತಿದೆ. ಆದರೆ ಇಲ್ಲಿನ ಸಂಬಳ ಕನಿಷ್ಠ ವೇತನದ ಆಸುಪಾಸಿನದು, ಬಿಟ್ಟುಹೋಗುವವರು ಹೆಚ್ಚು, ಆದ್ದರಿಂದ ಬೋರ್ಡು ಇಳಿಯುವುದೇ ಇಲ್ಲ. ನಗರದೊಳಗೆ ಜನ ಸಿಗದಾದಾಗ ಹಲವು ಕಂಪನಿಗಳು ಮಂಡ್ಯ, ಮದ್ದೂರು, ರಾಮನಗರ ಕಡೆ ಘಟಕ ತೆರೆದವು, ಒಡಿಶಾ, ಜಾರ್ಖಂಡ್‌ಗಳಿಂದ ತರಬೇತಾದ ಹುಡುಗಿಯರನ್ನು ಕರೆಸಿ ಹಾಸ್ಟೆಲ್‌ಗಳಲ್ಲಿ ಇರಿಸಿದವು.

ಬಿಡದಿ, ಹಾರೋಹಳ್ಳಿಯ ದೊಡ್ಡ ಕಾರ್ಖಾನೆಗಳಲ್ಲಿ, ಟೆಕ್ ಪಾರ್ಕುಗಳ ಭದ್ರತೆ, ಸ್ವಚ್ಛತೆ, ಕ್ಯಾಂಟೀನ್‌ಗಳಲ್ಲಿ ನೇಮಕಾತಿ ಮಾಡುವವರು ಹೆಚ್ಚಾಗಿ ಕಂಟ್ರಾಕ್ಟರ್‌ಗಳು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಟೀಮ್‌ಲೀಸ್, ಕ್ವೆಸ್ ಕಾರ್ಪ್ ಈ ವ್ಯವಹಾರವನ್ನೇ ದೇಶಮಟ್ಟದ ಉದ್ಯಮ ಮಾಡಿದವು. ಸಮವಸ್ತ್ರದ ಮೇಲೆ ದೊಡ್ಡ ಕಂಪನಿಯ ಹೆಸರು, ಸಂಬಳದ ಚೀಟಿಯ ಮೇಲೆ ಇನ್ನೊಬ್ಬರ ಹೆಸರು. ಹತ್ತು ವರ್ಷ ಒಂದೇ ಗೇಟಿನಲ್ಲಿ ದುಡಿದರೂ ಆ ಕಂಪನಿಯ ನೌಕರನಾಗದಿರುವ ಈ ಸ್ಥಿತಿ ನೇಮಕಾತಿಯ ಅತ್ಯಂತ ಅನ್ಯಾಯದ ಭಾಗ.

ಅಪ್ರೆಂಟಿಸ್ ದಾರಿ

ರಾಜಾಜಿನಗರ ಕೈಗಾರಿಕಾ ಎಸ್ಟೇಟಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜನರ ಬಾಯಲ್ಲಿ ಜಿಟಿಟಿಸಿ, ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾಯಿತು. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಅಲ್ಲೇ ಕಲಿತು, ನಾಲ್ಕನೇ ವರ್ಷ ಕಾರ್ಖಾನೆಯಲ್ಲಿ ಕಳೆಯಬೇಕು. ಆ ಒಂದು ವರ್ಷದಲ್ಲಿ ಹುಡುಗನ ಕೆಲಸ ಕಂಪನಿಗೆ ಗೊತ್ತಾಗುತ್ತದೆ, ಕಂಪನಿಯ ರೀತಿನೀತಿ ಹುಡುಗನಿಗೆ ಗೊತ್ತಾಗುತ್ತದೆ. ಯಾವ ಸಂದರ್ಶನದಿಂದಲೂ ಇಷ್ಟು ತಿಳಿವಳಿಕೆ ಬರುವುದಿಲ್ಲ.

ಕೆಂಗೇರಿ ದಾಟಿದರೆ ಸಿಗುವ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ 1999ರಲ್ಲಿ ಕಾರು ತಯಾರಿಸಲು ಆರಂಭಿಸಿತು. 2007ರಲ್ಲಿ ಅದು ಕಾರ್ಖಾನೆಯ ಪಕ್ಕದಲ್ಲೇ ತಾಂತ್ರಿಕ ತರಬೇತಿ ಸಂಸ್ಥೆ ತೆರೆಯಿತು. ಎಸ್‌ಎಸ್‌ಎಲ್‌ಸಿ ಮುಗಿಸಿದ, ಕರ್ನಾಟಕದ ಹಳ್ಳಿಗಳ ಬಡ ಕುಟುಂಬಗಳ ಮಕ್ಕಳನ್ನು ಆರಿಸಿ, ಮೂರು ವರ್ಷ ವಸತಿ, ಊಟ, ಪಾಠ ಕೊಟ್ಟು ವೆಲ್ಡಿಂಗ್, ಪೇಂಟ್, ಅಸೆಂಬ್ಲಿ ಕಲಿಸುತ್ತದೆ. ಬಾಷ್ ಕೂಡ ಮೈಕೊ ಎಂಬ ಹೆಸರಿದ್ದ ದಿನಗಳಿಂದ ತರಬೇತಿ ಕೇಂದ್ರ ನಡೆಸಿಕೊಂಡು ಬಂದಿದೆ, ಅದರ ಬಿಡದಿ ಕಾರ್ಖಾನೆ 2015ರಲ್ಲಿ ಉದ್ಘಾಟನೆಯಾಯಿತು.

1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳನ್ನು 2019ರಲ್ಲಿ ತಿದ್ದಲಾಯಿತು. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಅಪ್ರೆಂಟಿಸ್ ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ನಿಯಮ ಮಾತ್ರ ಇಲ್ಲ. ಅಗ್ಗದ ದುಡಿಮೆಗೆ ಇದನ್ನು ಬಳಸಿಕೊಳ್ಳುವ ಅಪಾಯವಿರುವುದು ಅಲ್ಲೇ.

ಊರು, ಓಡಾಟ, ಕಾಯುವವರು

ನೇಮಕಾತಿಗೆ ಭೂಗೋಳವೂ ಇದೆ. ಐಟಿ ಕಂಪನಿಗಳು ಪೂರ್ವಕ್ಕೆ, ವೈಟ್‌ಫೀಲ್ಡ್ ಮತ್ತು ಹೊರವರ್ತುಲ ರಸ್ತೆಗೆ ಸರಿದಾಗ ಪಶ್ಚಿಮದ ಜನರಿಗೆ ದಿನಕ್ಕೆ ಮೂರು ನಾಲ್ಕು ಗಂಟೆ ಬಸ್ಸಿನಲ್ಲೇ ಕಳೆಯಿತು. ಆಫರ್ ಕೈಯಲ್ಲಿದ್ದರೂ ಬೇಡವೆಂದವರೂ ಇದ್ದರು. ಪಶ್ಚಿಮದ ಅಪವಾದ ಆರ್.ವಿ. ಕಾಲೇಜಿನ ಹತ್ತಿರದ ಗ್ಲೋಬಲ್ ವಿಲೇಜ್. 1999ರಲ್ಲಿ ಆರಂಭವಾಗಿ 2022ರ ನವೆಂಬರ್‌ನಲ್ಲಿ ಎಲ್‌ಟಿಐ ಜೊತೆ ವಿಲೀನವಾದ ಮೈಂಡ್‌ಟ್ರೀಯ ಕೇಂದ್ರ ಕಚೇರಿ ಅಲ್ಲಿತ್ತು. ಮೆಟ್ರೊದ ನೇರಳೆ ಮಾರ್ಗ 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ತಲುಪಿ, 2023ರ ಅಕ್ಟೋಬರ್ 9ರಂದು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣವಾದ ಮೇಲೆ ವಿಜಯನಗರದವರು ರೈಲು ಬದಲಿಸದೆ ನಗರದ ಆ ತುದಿ ಮುಟ್ಟಬಹುದು.

ಅದೇ ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್‌ಗಳಲ್ಲಿ ಕಂಪನಿಗಳ ಕಡೆ ತಿರುಗಿಯೂ ನೋಡದ ಸಾವಿರಾರು ಯುವಕ ಯುವತಿಯರು ಪಿಜಿಗಳಲ್ಲಿದ್ದು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಾರೆ. ಅವರಿಗೆ ಸರ್ಕಾರಿ ಕೆಲಸದ ಭದ್ರತೆ ಬೇಕು. ಅದರ ಜೊತೆಗೆ, ಕನ್ನಡದಲ್ಲಿ ಬರೆದು ಗೆಲ್ಲಬಹುದಾದ, ನಿಯಮಗಳು ಮೊದಲೇ ಪ್ರಕಟವಾಗುವ ಬಾಗಿಲು ಅದೊಂದೇ ಎಂಬ ಭಾವನೆಯೂ ಅವರಲ್ಲಿದೆ.

ಸ್ಥಳೀಯರ ಪ್ರಶ್ನೆ

ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಬೇಕೆಂಬ ಬೇಡಿಕೆ ಹಳೆಯದು. 1983ರಲ್ಲಿ ಸರೋಜಿನಿ ಮಹಿಷಿ ಅವರ ನೇತೃತ್ವದಲ್ಲಿ ನೇಮಕವಾದ ಸಮಿತಿ 1986ರಲ್ಲಿ 58 ಶಿಫಾರಸುಗಳ ಅಂತಿಮ ವರದಿ ಕೊಟ್ಟಿತು. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ, ಕೈಗಾರಿಕೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ರಾಜ್ಯದಲ್ಲಿ ಹುಟ್ಟಿ, 15 ವರ್ಷ ಇಲ್ಲಿ ನೆಲೆಸಿ, ಕನ್ನಡ ಓದಲು, ಬರೆಯಲು, ಮಾತಾಡಲು ಬರುವವರು ಸ್ಥಳೀಯರು ಎಂಬುದು ಅದರ ವ್ಯಾಖ್ಯೆ. ಉದ್ಯಮಿಗಳ ವಿರೋಧ ಬಂದ ಕೂಡಲೇ, ಜುಲೈ 17ರಂದು, ಅದನ್ನು ತಡೆಹಿಡಿಯಲಾಯಿತು. ಇಂಥದ್ದೇ ಆದ ಹರಿಯಾಣದ ಶೇ 75 ಮೀಸಲಿನ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತ್ತು.

ಕಾನೂನು ಯಾವ ದಿಕ್ಕಿಗೆ ಹೋದರೂ, ಕಂಪನಿಗಳು ನಾಳೆಯಿಂದಲೇ ಮಾಡಬಹುದಾದ ಕೆಲಸಗಳಿವೆ. ಖಾಲಿ ಹುದ್ದೆಯ ವಿವರವನ್ನು ಸಂಬಳದ ಸಮೇತ ಕನ್ನಡದಲ್ಲೂ ಪ್ರಕಟಿಸಲಿ. ಹತ್ತನೇ ತರಗತಿಯ ಅಂಕದ ಗೆರೆ ಅಳಿಸಲಿ. ಗಾರ್ಮೆಂಟ್ ಗೇಟಿನಲ್ಲಿ ಮಾಡುವಂತೆ ಕೆಲಸ ಕೊಟ್ಟು ನೋಡಲಿ, ತನ್ನ ಕೆಲಸವನ್ನು ಕನ್ನಡದಲ್ಲಿ ವಿವರಿಸಲು ಅಭ್ಯರ್ಥಿಗೆ ಅವಕಾಶ ಕೊಡಲಿ. ಕೆಲಸ ಹುಡುಕುವವರು ಒಂದನ್ನು ನೆನಪಿಡಬೇಕು: ಆಫರ್ ಲೆಟರ್‌ಗೆ, ತರಬೇತಿಗೆ, ಲ್ಯಾಪ್‌ಟಾಪ್ ಠೇವಣಿಗೆ ಎಂದು ಯಾವ ಪ್ರಾಮಾಣಿಕ ಕಂಪನಿಯೂ ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ಕೇಳಿದರೆ ಕೊಡಬೇಡಿ, ಪೊಲೀಸರಿಗೆ ದೂರು ಕೊಡಿ.